ಪುಟ್ಟ ಗಣಕ, ಪರದೇಶದ ಮಳಿಗೆ

ಕಳೆದ ತಿಂಗಳು ನಮ್ಮ ಶಾಲೆಯಲ್ಲಿ ವಿಜ್ಞಾನ ವಸ್ತುಪ್ರದರ್ಶನ ನಡೆಯಿತು. ಎಂದಿನಂತೆ ಥರ್ಮೋಕೋಲಿನ ಜ್ವಾಲಾಮುಖಿ ಹೊಗೆಯುಗುಳಿತು. ಮಳೆನೀರು ಕೊಯ್ಲಿನ ಮಾದರಿಗಳೇ ಮೂರು ಬಂದಿದ್ದವು. ಒಂಬತ್ತನೆಯ ತರಗತಿಯ ಹುಡುಗನೊಬ್ಬ ರಟ್ಟು, ಸ್ಟ್ರಾ ಮತ್ತು ಗೋಂದು ಬಳಸಿ ತನ್ನ ಮನೆಯ ನೀರಿನ ಪೈಪುಗಳ ಮಾದರಿ ಮಾಡಿ ತಂದಿದ್ದ. ಮಾಳಿಗೆಯ ಮೇಲಿನ ಟ್ಯಾಂಕಿನಿಂದ ಬಚ್ಚಲಿಗೆ, ಅಡುಗೆಮನೆಗೆ, ಹಿತ್ತಲಿಗೆ ಪೈಪು ಎಲ್ಲೆಲ್ಲಿ ಇಳಿಯುತ್ತದೆ, ಎಲ್ಲೆಲ್ಲಿ ತಿರುಗುತ್ತದೆ ಎಂಬುದನ್ನೆಲ್ಲ ಟೇಪು ಹಿಡಿದು ಅಳೆದಿದ್ದ. ಪಕ್ಕದ ಮೇಜಿನಲ್ಲಿ ಇನ್ನೊಬ್ಬ ಹುಡುಗ ಲ್ಯಾಪ್‌ಟಾಪಿನ ಪರದೆಯ ಮೇಲೆ ಸೌರವ್ಯೂಹವನ್ನು ತಿರುಗಿಸಿ ತೋರಿಸುತ್ತಿದ್ದ. ಜನ ಎಲ್ಲಿ ಮುತ್ತಿಕೊಂಡಿದ್ದರೆಂದು ಹೇಳಬೇಕಾಗಿಲ್ಲ. ತೀರ್ಪುಗಾರರಲ್ಲಿ ನಾನೂ ಒಬ್ಬ. ಸ್ಟ್ರಾ ಹುಡುಗನ ಮುಂದೆ ಅರ್ಧ ನಿಮಿಷ ನಿಂತು ಮುಂದೆ ಸಾಗಿದವನು. ಬಹುಮಾನ ಸೌರವ್ಯೂಹಕ್ಕೆ ಹೋಯಿತು.

ಸಂಜೆ ಆ ಹುಡುಗನ ತಂದೆ ನನ್ನ ಹತ್ತಿರ ಬಂದರು. ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡವರು. “ಮೇಷ್ಟ್ರೇ, ನಮ್ ಹುಡುಗನ ಮೇಜಿನ ಹತ್ರ ಯಾರೂ ನಿಲ್ಲಲೇ ಇಲ್ಲ. ಮನೆಯವಳ ಸರ ಗಿರವಿ ಇಟ್ಟಾದರೂ ಒಂದು ಲ್ಯಾಪ್‌ಟಾಪ್ ಕೊಡಿಸಿಬಿಡ್ಲಾ? ಇಲ್ಲಾಂದ್ರೆ ಇವನು ಹಿಂದೆ ಉಳಿದುಬಿಡ್ತಾನಲ್ವಾ?” ಎಂದು ಕೇಳಿದರು.

ತಕ್ಷಣ ಉತ್ತರ ಹೊಳೆಯಲಿಲ್ಲ. “ಯೋಚಿಸಿ ಹೇಳ್ತೀನಿ” ಎಂದೆ. ಮನೆಗೆ ಬರುವ ದಾರಿಯಲ್ಲಿ, ಒಡವೆ ಗಿರವಿ ಇಟ್ಟು ಗಣಕದ ಕೆಲಸಕ್ಕೆ ಇಳಿದ ಇನ್ನೊಬ್ಬರ ಕಥೆ ನೆನಪಾಯಿತು. ಅವರ ಕಥೆಯಲ್ಲೂ ಪೈಪುಗಳಿವೆ, ಒಂದು ವಸ್ತುಪ್ರದರ್ಶನವೂ ಇದೆ. ಅದು ನಡೆದದ್ದು ನಮ್ಮಿಂದ ಬಹುದೂರದ ಹಂಗೇರಿಯಲ್ಲಿ.

ಪೈಪುಗಳ ಕಾಡು

1980ರ ದಶಕದ ಆರಂಭದಲ್ಲಿ ಹಂಗೇರಿ ಸೋವಿಯತ್ ಒಕ್ಕೂಟದ ಕಡೆಗಿದ್ದ ಕಮ್ಯುನಿಸ್ಟ್ ದೇಶ. ದೊಡ್ಡ ಕಾರ್ಖಾನೆಗಳೆಲ್ಲ ಸರ್ಕಾರದವು. ಆದರೆ 1982ರ ಆರಂಭದಿಂದ, ಕೆಲವರು ಸೇರಿ ಸ್ವಂತಕ್ಕೆ ಸಣ್ಣ ಪಾಲುದಾರಿಕೆ ಕಟ್ಟಿಕೊಂಡು ದುಡಿಯಲು ಅಲ್ಲಿನ ಕಾನೂನು ಅವಕಾಶ ಕೊಟ್ಟಿತು. ಅದೇ ವರ್ಷ ರಾಜಧಾನಿ ಬೂಡಾಪೆಸ್ಟ್‌ನಲ್ಲಿ ಗಾಬೊರ್ ಬೊಯಾರ್ ಮತ್ತು ಇಷ್ಟ್ವಾನ್ ತಾರಿ ಎಂಬಿಬ್ಬರು ಗ್ರಾಫಿಸಾಫ್ಟ್ ಎಂಬ ಪುಟ್ಟ ತಂತ್ರಾಂಶ ಕಂಪನಿ ಆರಂಭಿಸಿದರು. ಬೊಯಾರ್ ತಮ್ಮ ಹೆಂಡತಿಯ ಒಡವೆಗಳನ್ನು ಗಿರವಿ ಇಟ್ಟು ಮೊದಲ ಹಣ ಹೊಂದಿಸಿದರೆಂಬ ಮಾತಿದೆ.

ಬೊಯಾರ್ ವ್ಯಾಪಾರಸ್ಥರ ಮನೆಯವರಲ್ಲ. ಅವರು ಓದಿದ್ದು ಭೌತವಿಜ್ಞಾನ. ಕೆಲಸ ಮಾಡಿದ್ದು ಬೂಡಾಪೆಸ್ಟ್‌ನ ಭೂಭೌತ ಸಂಶೋಧನಾ ಸಂಸ್ಥೆಯಲ್ಲಿ. ಆ ಸಂಸ್ಥೆಗೆ ಹಂಗೇರಿಯ ಹೆಸರಾಂತ ವಿಜ್ಞಾನಿ ಲೊರಾಂಡ್ ಏಟ್ವೊಶ್ ಅವರ ಹೆಸರನ್ನಿಟ್ಟಿದ್ದರು. ಏಟ್ವೊಶ್ ಅವರ ತಕ್ಕಡಿಯ ವಿಷಯ ವಿದ್ಯಾರ್ಥಿಗಳು ತಿಳಿದಿರಬೇಕು. ಸಣ್ಣ ತಂತಿಯೊಂದಕ್ಕೆ ಅಡ್ಡಕಡ್ಡಿ ತೂಗುಹಾಕಿ, ಅದರ ತುದಿಗಳಲ್ಲಿ ಭಾರ ಕಟ್ಟಿದ ಉಪಕರಣ ಅದು. ನೆಲದಡಿಯಲ್ಲಿ ಬಂಡೆಯ ಸಾಂದ್ರತೆ ಬದಲಾದರೆ ಗುರುತ್ವದಲ್ಲಿ ಅತಿ ಸೂಕ್ಷ್ಮ ವ್ಯತ್ಯಾಸವಾಗುತ್ತದೆ, ತಂತಿ ಕೂದಲೆಳೆಯಷ್ಟು ತಿರುಚಿಕೊಳ್ಳುತ್ತದೆ. ಆ ತಿರುಚನ್ನು ಅಳೆದು, ನೆಲ ಅಗೆಯದೆಯೇ ಒಳಗೆ ಎಣ್ಣೆ ನಿಕ್ಷೇಪ ಎಲ್ಲಿರಬಹುದೆಂದು ಊಹಿಸುತ್ತಿದ್ದರು. ಕಣ್ಣಿಗೆ ಕಾಣದ ಆಕಾರವನ್ನು ಅಂಕಿಗಳಿಂದ ಹಿಡಿಯುವುದೇ ಭೂಭೌತ ವಿಜ್ಞಾನಿಯ ಕಸುಬು. ಈ ಕಸುಬು ಮುಂದೆ ಬೇರೊಂದು ಕಡೆ ಫಲ ಕೊಟ್ಟಿತು.

ಆಗ ಹಂಗೇರಿಯಲ್ಲಿ ಪಾಕ್ಶ್ ಎಂಬಲ್ಲಿ ಡ್ಯಾನ್ಯೂಬ್ ನದಿಯ ದಂಡೆಯ ಮೇಲೆ ಪರಮಾಣು ವಿದ್ಯುತ್ ಸ್ಥಾವರ ಏಳುತ್ತಿತ್ತು. ಅದರ ನಾಲ್ಕು ಘಟಕಗಳು 1982ರಿಂದ 1987ರವರೆಗೆ ಒಂದೊಂದಾಗಿ ಕೆಲಸ ಆರಂಭಿಸಿದವು. ಇಂಥ ಸ್ಥಾವರದ ಒಳಗೆ ಹೊಕ್ಕರೆ ಅದು ಪೈಪುಗಳ ಕಾಡು. ಬಿಸಿನೀರಿನ ಪೈಪು, ಉಗಿಯ ಪೈಪು, ತಂಪುಮಾಡುವ ನೀರಿನ ಪೈಪು, ನಡುನಡುವೆ ತಂತಿಗಳ ಕೊಳವೆ. ಇವನ್ನೆಲ್ಲ ಹಿಂದೆ ಕಾಗದದ ಮೇಲೆ ಬರೆಯುತ್ತಿದ್ದರು. ಮೇಲಿನಿಂದ ಕಂಡಂತೆ ಒಂದು ಚಿತ್ರ, ಮುಂದಿನಿಂದ ಒಂದು, ಪಕ್ಕದಿಂದ ಒಂದು. ಒಂದು ಪೈಪು ಒಂದು ಹಾಳೆಯಲ್ಲಿ, ಇನ್ನೊಂದು ಬೇರೆ ಹಾಳೆಯಲ್ಲಿ. ಹಾಳೆಯ ಮೇಲೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಜೋಡಿಸಲು ಹೋದಾಗ ಎರಡು ಪೈಪುಗಳಿಗೂ ಒಂದೇ ಜಾಗ ಬೇಕಾಗಿರುವುದು ಗೊತ್ತಾಗುತ್ತದೆ! ಆಗ ಕತ್ತರಿಸಬೇಕು, ಮತ್ತೆ ಬೆಸೆಯಬೇಕು.

ಈ ಪೈಪುಗಳನ್ನು ಗಣಕದಲ್ಲಿ ಮೂರು ಆಯಾಮದಲ್ಲಿ ಕಟ್ಟಿ ತೋರಿಸುವುದು ಗ್ರಾಫಿಸಾಫ್ಟ್‌ನ ಮೊದಲ ಕೆಲಸಗಳಲ್ಲೊಂದು. ಪಶ್ಚಿಮದ ದೇಶಗಳಲ್ಲಿ ಇಂಥ ಕೆಲಸಕ್ಕೆ ದೊಡ್ಡ ಗಣಕಗಳಿದ್ದವು. ಬೆಲೆ ಲಕ್ಷ ಡಾಲರಿನ ಲೆಕ್ಕದಲ್ಲಿ. ಹಣವಿದ್ದರೂ ಹಂಗೇರಿಯವರು ಅವನ್ನು ಸುಲಭವಾಗಿ ಕೊಳ್ಳುವಂತಿರಲಿಲ್ಲ. ಕಮ್ಯುನಿಸ್ಟ್ ದೇಶಗಳಿಗೆ ಮುಂದುವರಿದ ತಂತ್ರಜ್ಞಾನ ಸಿಗದಂತೆ ನೋಡಿಕೊಳ್ಳಲು ಅಮೆರಿಕ ಮತ್ತು ಅದರ ಮಿತ್ರ ದೇಶಗಳು ಕೊಕೊಮ್ ಎಂಬ ಸಮಿತಿ ಮಾಡಿಕೊಂಡಿದ್ದವು. 1994ರಲ್ಲಿ ಅದು ಮುಚ್ಚುವವರೆಗೂ ಆ ನಿರ್ಬಂಧ ಇತ್ತು. ಆದ್ದರಿಂದ ಗ್ರಾಫಿಸಾಫ್ಟ್‌ನವರು ಮೇಜಿನ ಮೇಲೆ ಕೂರುವ ಸಣ್ಣ ಗಣಕದಲ್ಲೇ ಕೆಲಸ ಸಾಗಿಸಬೇಕಾಯಿತು.

ಏಳು ಅಂಕಿಗಳಲ್ಲಿ ಒಂದು ಪೈಪು

ಸಣ್ಣ ಗಣಕದಲ್ಲಿ ದೊಡ್ಡ ಸ್ಥಾವರ ಹಿಡಿಸುವುದು ಹೇಗೆ? ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ, ಪೆನ್ಸಿಲ್ ತೆಗೆದುಕೊಳ್ಳಿ.

ಉದ್ದ, ಅಗಲ, ಎತ್ತರ ಎಲ್ಲ 10 ಮೀಟರ್ ಇರುವ ಒಂದು ಕೋಣೆ ಎನ್ನಿ. ಅದನ್ನು ಒಂದೊಂದು ಸೆಂಟಿಮೀಟರಿನ ಪುಟ್ಟ ಘನಗಳಾಗಿ ಒಡೆದು, ಯಾವ ಘನದಲ್ಲಿ ಪೈಪಿದೆ, ಯಾವುದು ಖಾಲಿ ಎಂದು ಗಣಕಕ್ಕೆ ಹೇಳುತ್ತಾ ಹೋದರೆ 1000 × 1000 × 1000, ಅಂದರೆ 100 ಕೋಟಿ ಘನಗಳು. ಒಂದೊಂದಕ್ಕೂ ‘ಇದೆ’ ಅಥವಾ ‘ಇಲ್ಲ’ ಎಂಬ ಒಂದು ಬಿಟ್ ಸಾಕೆಂದರೂ, 8 ಬಿಟ್‌ಗೆ ಒಂದು ಬೈಟಿನಂತೆ 12.5 ಕೋಟಿ ಬೈಟ್ ಬೇಕು. 1984ರಲ್ಲಿ ಬಂದ ಮೊದಲ ಮ್ಯಾಕಿಂತೋಷ್ ಗಣಕದ ಸ್ಮೃತಿ 128 ಕಿಲೋಬೈಟ್, ಅಂದರೆ 1,31,072 ಬೈಟ್. ಒಂದು ಕೋಣೆಗೇ ಅಂಥ ಸುಮಾರು 950 ಗಣಕಗಳ ಸ್ಮೃತಿ ಬೇಕಾಯಿತು.

ಈಗ ಇನ್ನೊಂದು ದಾರಿ ನೋಡಿ. ನೇರವಾದ ಪೈಪಿಗೆ ಎರಡು ತುದಿ. ಒಂದೊಂದು ತುದಿ ಎಲ್ಲಿದೆ ಎಂದು ಹೇಳಲು ಮೂರು ಅಂಕಿ ಸಾಕು: ಉದ್ದಕ್ಕೆ ಎಷ್ಟು, ಅಗಲಕ್ಕೆ ಎಷ್ಟು, ಎತ್ತರಕ್ಕೆ ಎಷ್ಟು. ಎರಡು ತುದಿಗೆ ಆರು. ಪೈಪಿನ ದಪ್ಪಕ್ಕೆ ಇನ್ನೊಂದು. ಒಟ್ಟು ಏಳು ಅಂಕಿ! ಅಂಕಿಯೊಂದಕ್ಕೆ 4 ಬೈಟಿನಂತೆ ಒಂದು ಪೈಪಿಗೆ 28 ಬೈಟ್. ಸಾವಿರ ಪೈಪಿಗೆ 28,000. ಆ ಪುಟ್ಟ ಮ್ಯಾಕಿಂತೋಷ್‌ನ ಸ್ಮೃತಿಯ ಕಾಲುಭಾಗವೂ ತುಂಬಲಿಲ್ಲ. ತಿರುವುಗಳಲ್ಲಿ ಹಾಕುವ ಎಲ್ಬೋಗೆ ಇನ್ನಷ್ಟು ಅಂಕಿ ಬೇಕಾದೀತು, ಆದರೆ ಲೆಕ್ಕ ಕೈಮೀರುವುದಿಲ್ಲ.

ಎರಡು ಪೈಪು ಒಂದಕ್ಕೊಂದು ತಾಗುತ್ತವೆಯೇ ಎಂಬುದನ್ನೂ ಈ ಅಂಕಿಗಳಿಂದಲೇ ತಿಳಿಯಬಹುದು. ಪೈಪಿನ ನಡುವೆ ಹಾದುಹೋಗುವ ಅಕ್ಷವನ್ನು ಒಂದು ಸರಳರೇಖೆ ಎಂದುಕೊಳ್ಳಿ. ಒಂದನ್ನೊಂದು ಕೂಡದ, ಸಮಾಂತರವೂ ಅಲ್ಲದ ಎರಡು ರೇಖೆಗಳ ನಡುವಿನ ಅತಿ ಕಡಿಮೆ ದೂರವನ್ನು ಕಂಡುಹಿಡಿಯುವ ಸೂತ್ರ ದ್ವಿತೀಯ ಪಿಯುಸಿ ಗಣಿತದಲ್ಲಿದೆ. “ಇದರಿಂದ ಏನು ಉಪಯೋಗ ಸಾರ್?” ಎಂದು ಪ್ರತಿವರ್ಷ ಒಬ್ಬರಾದರೂ ಕೇಳುವ ಸೂತ್ರ ಅದು. ಒಂದು ಪೈಪಿನ ತ್ರಿಜ್ಯ 10 ಸೆಂ.ಮೀ., ಇನ್ನೊಂದರದು 15 ಸೆಂ.ಮೀ. ಇದ್ದರೆ ಕೂಡಿದರೆ 25. ಅಕ್ಷಗಳ ನಡುವಿನ ಅತಿ ಕಡಿಮೆ ದೂರ 22 ಸೆಂ.ಮೀ. ಬಂದು, ಆ ಜಾಗ ಎರಡೂ ಪೈಪುಗಳ ಉದ್ದದ ಒಳಗೇ ಬಿದ್ದರೆ, ಅವು 3 ಸೆಂ.ಮೀ.ನಷ್ಟು ಒಂದರೊಳಗೊಂದು ನುಗ್ಗುತ್ತಿವೆ ಎಂದರ್ಥ. ತಪ್ಪು ಸ್ಥಾವರದಲ್ಲಿ ಸಿಗುವ ಮೊದಲೇ ಮೇಜಿನ ಮೇಲೆ ಸಿಕ್ಕಿತು!

ಇನ್ನೊಂದು ಲಾಭವೂ ಇದೆ. ಅಂಕಿಗಳು ಕೈಯಲ್ಲಿದ್ದರೆ ಮೇಲಿನಿಂದ, ಪಕ್ಕದಿಂದ, ಮೂಲೆಯಿಂದ ಕಂಡಂತೆ ಚಿತ್ರಗಳನ್ನು ಬೇರೆಬೇರೆಯಾಗಿ ಬರೆಯಬೇಕಾಗಿಲ್ಲ. ಸೈನ್, ಕೊಸೈನ್ ಬಳಸಿ ಅಂಕಿಗಳನ್ನು ತಿರುಗಿಸಿದರೆ ಗಣಕವೇ ಬರೆದುಕೊಡುತ್ತದೆ. ಪೈಪೊಂದನ್ನು ಸರಿಸಿದರೆ ಎಲ್ಲ ಚಿತ್ರಗಳಲ್ಲೂ ಅದು ಸರಿಯುತ್ತದೆ. ಪೈಪಿಗೆ ಮಾಡಿದ್ದನ್ನು ಗೋಡೆಗೆ, ಬಾಗಿಲಿಗೆ, ಚಾವಣಿಗೆ ಮಾಡಿದರೆ ಅದೇ ಮನೆ ಕಟ್ಟುವವರ ತಂತ್ರಾಂಶ. ಗ್ರಾಫಿಸಾಫ್ಟ್ ಹೋದದ್ದು ಈ ದಾರಿಯಲ್ಲೇ.

ಜರ್ಮನಿಯ ಮಳಿಗೆ

ಸರಿ, ಒಳ್ಳೆಯ ತಂತ್ರಾಂಶ ಮಾಡಿದರು. ಕೊಳ್ಳುವವರು ಯಾರು? ಸಣ್ಣ ದೇಶ, ಗಣಕಗಳು ಕಡಿಮೆ. ಪರದೇಶದವರಿಗೆ ಇಂಥದೊಂದು ಕಂಪನಿ ಇದೆಯೆಂದೇ ಗೊತ್ತಿಲ್ಲ. ಇಂಥವರಿಗೆ ಇದ್ದ ಒಂದು ಬಾಗಿಲು ವ್ಯಾಪಾರ ಪ್ರದರ್ಶನ.

ಜರ್ಮನಿ ಇಂಥ ಪ್ರದರ್ಶನಗಳ ತವರು. ಪುಸ್ತಕಕ್ಕೆ ಫ್ರಾಂಕ್‌ಫರ್ಟ್, ಆಟಿಕೆಗೆ ನ್ಯೂರೆಂಬರ್ಗ್, ಯಂತ್ರಗಳಿಗೆ ಹ್ಯಾನೋವರ್. ಹ್ಯಾನೋವರ್‌ನ ಮೇಳದ ಒಂದು ಭಾಗವಾಗಿದ್ದ ಗಣಕ ಪ್ರದರ್ಶನ 1986ರಿಂದ ಸೀಬಿಟ್ ಎಂಬ ಹೆಸರಿನಲ್ಲಿ ಬೇರೆಯಾಗಿಯೇ ನಡೆದು 2018ರಲ್ಲಿ ಕೊನೆಗೊಂಡಿತು. ನಮ್ಮ ಮಕ್ಕಳೆಲ್ಲ ತಿರುಗಿಸುವ ರೂಬಿಕ್ ಘನವೂ ಇಂಥ ಮೇಳದಲ್ಲೇ ಲೋಕಕ್ಕೆ ಪರಿಚಯವಾದದ್ದು. ಬೂಡಾಪೆಸ್ಟ್‌ನಲ್ಲಿ ವಾಸ್ತುಶಿಲ್ಪ ಬೋಧಿಸುತ್ತಿದ್ದ ಎರ್ನೊ ರೂಬಿಕ್ 1974ರಲ್ಲಿ ಅದನ್ನು ಮಾಡಿದ್ದರು. 1979ರಲ್ಲಿ ನ್ಯೂರೆಂಬರ್ಗ್ ಮೇಳದಲ್ಲಿ ಟಾಮ್ ಕ್ರೆಮರ್ ಎಂಬ ಆಟಿಕೆ ತಜ್ಞರ ಕಣ್ಣಿಗೆ ಬಿತ್ತು. 1980ರಲ್ಲಿ ಅಮೆರಿಕದ ಕಂಪನಿಯೊಂದು ಅದನ್ನು ಜಗತ್ತಿನ ಮಾರುಕಟ್ಟೆಗೆ ತಂದಿತು.

1984ರಲ್ಲಿ ಗ್ರಾಫಿಸಾಫ್ಟ್‌ನವರು ಪಶ್ಚಿಮ ಜರ್ಮನಿಯ ಗಣಕ ಪ್ರದರ್ಶನವೊಂದಕ್ಕೆ ತಮ್ಮ ತಂತ್ರಾಂಶ ಹೊತ್ತುಕೊಂಡು ಹೋದರು. ಅಲ್ಲಿ ದೊಡ್ಡ ಕಂಪನಿಗಳ ದೊಡ್ಡ ದೊಡ್ಡ ಮಳಿಗೆಗಳು. ದೊಡ್ಡ ಗಣಕ ದೊಡ್ಡ ಕೆಲಸ ಮಾಡಿದರೆ ಅದರಲ್ಲಿ ಆಶ್ಚರ್ಯವಿಲ್ಲ. ಸಣ್ಣ ಗಣಕ ಮೂರು ಆಯಾಮದ ಕಟ್ಟಡವನ್ನು ಬರೆದು ತೋರಿಸಿದರೆ ಬಲ್ಲವನು ನಿಲ್ಲುತ್ತಾನೆ. ಸಂತೆಯಲ್ಲಿ ಬೆಲ್ಲ ಕೊಳ್ಳುವ ಅನುಭವಸ್ಥರನ್ನು ನೋಡಿದ್ದೀರಲ್ಲ? ಅಚ್ಚಿನ ಹೊಳಪು ನೋಡುವುದಿಲ್ಲ. ಮೂಲೆಯಲ್ಲಿ ಚೂರು ಮುರಿದು ಬಾಯಿಗೆ ಹಾಕಿಕೊಂಡು ನೋಡುತ್ತಾರೆ.

ಹಾಗೆ ನೋಡಿ ಮೆಚ್ಚಿದವರು ಆಪಲ್ ಕಂಪನಿಯ ಸ್ಟೀವ್ ಜಾಬ್ಸ್. ಮೆಚ್ಚಲು ಅವರಿಗೂ ಕಾರಣವಿತ್ತು. 1983ರಲ್ಲಿ ಆಪಲ್ ಬಿಡುಗಡೆ ಮಾಡಿದ ಲೀಸಾ ಗಣಕದಲ್ಲಿ ಮೌಸ್ ಇತ್ತು, ಚಿತ್ರಗಳನ್ನು ಚೆನ್ನಾಗಿ ತೋರಿಸುವ ಪರದೆ ಇತ್ತು. ಆದರೆ ಬೆಲೆ 9,995 ಡಾಲರ್, ಜನ ಕೊಳ್ಳಲಿಲ್ಲ. 1984ರ ಜನವರಿಯಲ್ಲಿ ಬಂದ ಮ್ಯಾಕಿಂತೋಷ್‌ನ ಬೆಲೆ 2,495 ಡಾಲರ್. ಈ ಗಣಕಗಳ ಚಿತ್ರಶಕ್ತಿಯನ್ನು ನಿಜವಾಗಿ ದುಡಿಸಿಕೊಳ್ಳುವ ತಂತ್ರಾಂಶಗಳು ಆಗ ಬೆರಳೆಣಿಕೆಯಷ್ಟು. ಆಪಲ್ ಬಳಿ ಗಣಕ ಇತ್ತು, ಅದರಲ್ಲಿ ಮಾಡುವ ಕೆಲಸ ಬೇಕಿತ್ತು. ಹಂಗೇರಿಯವರ ಬಳಿ ಕೆಲಸ ಇತ್ತು, ಗಣಕ ಬೇಕಿತ್ತು. ಆಪಲ್ ಆ ಪುಟ್ಟ ಕಂಪನಿಗೆ ಗಣಕಗಳನ್ನೂ ಹಣವನ್ನೂ ಕೊಟ್ಟು ನೆರವಾಯಿತು. ತಂತ್ರಾಂಶ ಲೀಸಾಕ್ಕೆ, ಬಳಿಕ ಮ್ಯಾಕಿಂತೋಷ್‌ಗೆ ಹೊಂದಿಕೊಂಡಿತು. ಮೊದಲು ರಾಡಾರ್ ಎಂದಿದ್ದ ಅದರ ಹೆಸರು ಮುಂದೆ ಆರ್ಕಿಕ್ಯಾಡ್ ಆಯಿತು. ಇಂದಿಗೂ ಹಲವು ದೇಶಗಳ ವಾಸ್ತುಶಿಲ್ಪಿಗಳು ಅದನ್ನು ಬಳಸುತ್ತಾರೆ.

ಕಂಪನಿ 1998ರಲ್ಲಿ ಫ್ರಾಂಕ್‌ಫರ್ಟ್ ಷೇರುಪೇಟೆ ಸೇರಿತು. 2007ರ ಹೊತ್ತಿಗೆ ನೆಮೆಚೆಕ್ ಎಂಬ ಜರ್ಮನ್ ಕಂಪನಿಯ ವಶಕ್ಕೆ ಬಂತು. ಬೊಯಾರ್ ಹಳೆಯ ಉಪಕಾರವನ್ನು ಮರೆಯಲಿಲ್ಲ. 2011ರ ಅಕ್ಟೋಬರಿನಲ್ಲಿ ಜಾಬ್ಸ್ ತೀರಿಕೊಂಡರು. ಅದೇ ಡಿಸೆಂಬರಿನಲ್ಲಿ ಬೂಡಾಪೆಸ್ಟ್‌ನ ಗ್ರಾಫಿಸಾಫ್ಟ್ ಪಾರ್ಕಿನಲ್ಲಿ ಬೊಯಾರ್, ಜಾಬ್ಸ್ ಅವರ ಕಂಚಿನ ಪ್ರತಿಮೆ ನಿಲ್ಲಿಸಿದರು.

ನಮ್ಮಲ್ಲೂ ಒಮ್ಮೆ

ಬೇಕಾದ ಗಣಕ ಸಿಗದ ಅನುಭವ ನಮ್ಮ ದೇಶಕ್ಕೂ ಇದೆ. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಕ್ರೇ ಸೂಪರ್ ಕಂಪ್ಯೂಟರ್ ಬೇಕೆಂದು ಕೇಳಿದಾಗ ಅಮೆರಿಕ ಒಪ್ಪಲಿಲ್ಲ. ಹವಾಮಾನ ಮುನ್ಸೂಚನೆಗೆಂದು ದೆಹಲಿಗೆ ಅದಕ್ಕಿಂತ ಕಡಿಮೆ ಶಕ್ತಿಯದೊಂದನ್ನು ಮಾತ್ರ ಕೊಟ್ಟಿತು. 1988ರಲ್ಲಿ ಪುಣೆಯಲ್ಲಿ ಸಿ-ಡ್ಯಾಕ್ ಸಂಸ್ಥೆ ಹುಟ್ಟಿತು. ಒಂದು ಭಾರೀ ಗಣಕದ ಬದಲು ಅನೇಕ ಸಣ್ಣ ಸಂಸ್ಕಾರಕಗಳನ್ನು ಜೊತೆಗೂಡಿಸಿ ದುಡಿಸುವ ದಾರಿ ಹಿಡಿದು, 1991ರಲ್ಲಿ ಪರಮ್ 8000 ಕಟ್ಟಿ ಮುಗಿಸಿತು. ಅದರ ಆರಂಭದ ಮಾದರಿಯನ್ನೂ 1990ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಚ್‌ನ ಪ್ರದರ್ಶನಕ್ಕೆ ಒಯ್ದು ಪರೀಕ್ಷೆಗೆ ಒಡ್ಡಿದ್ದರು. ನಾವು ಮಾಡಿದ್ದು ಚೆನ್ನಾಗಿದೆಯೆಂದು ನಾವೇ ಹೇಳಿಕೊಂಡರೆ ಸಾಲದು, ಪರರ ಎದುರು ಇಡಬೇಕು ಎಂಬುದು ಅವರಿಗೂ ಗೊತ್ತಿತ್ತು.

ಹಾಗೆಂದು ‘ಬಡತನವೇ ಒಳ್ಳೆಯದು, ಸಲಕರಣೆ ಇಲ್ಲದಿದ್ದರೇ ಬುದ್ಧಿ ಚುರುಕಾಗುತ್ತದೆ’ ಎಂಬ ಉಪದೇಶ ನಾನು ಮಾಡಲಾರೆ. ಅದು ಸುಳ್ಳು. ಆಪಲ್‌ನ ಗಣಕಗಳು ಬರದಿದ್ದರೆ ಗ್ರಾಫಿಸಾಫ್ಟ್ ಎಲ್ಲಿರುತ್ತಿತ್ತೋ! ಸಲಕರಣೆ ಬೇಕೇ ಬೇಕು. ನಮ್ಮ ಶಾಲೆಗಳಿಗೂ ಬೇಕು.

ಇನ್ನೊಂದು ಮಾತು. ಬೊಯಾರ್ ಅವರಿಗೆ ಯಂತ್ರದ ಬಡತನ ಇತ್ತೇ ಹೊರತು ವಿದ್ಯೆಯ ಬಡತನ ಇರಲಿಲ್ಲ. ಹಂಗೇರಿಯಲ್ಲಿ ಪ್ರೌಢಶಾಲೆಯ ಮಕ್ಕಳಿಗಾಗಿ ಗಣಿತದ ಸಮಸ್ಯೆಗಳ ಪತ್ರಿಕೆಯೊಂದು 1894ರಷ್ಟು ಹಿಂದೆಯೇ ಹುಟ್ಟಿತು. ಹೆಸರು ಕೋಮಲ್, ನಮ್ಮ ‘ಕೋಮಲ’ದಂತೆಯೇ ಕೇಳಿಸುತ್ತದೆ! ಮಕ್ಕಳು ಮನೆಯಲ್ಲಿ ಕುಳಿತು ಸಮಸ್ಯೆ ಬಿಡಿಸಿ ಅಂಚೆಯಲ್ಲಿ ಕಳುಹಿಸುತ್ತಿದ್ದರು. ಏಟ್ವೊಶ್ ಹೆಸರಿನ ಗಣಿತ ಸ್ಪರ್ಧೆಯೂ ಅದೇ ವರ್ಷ ಆರಂಭವಾಯಿತು. ಗಣಕದ ಒಳರಚನೆಗೆ ದಾರಿ ತೋರಿದವರಲ್ಲಿ ಒಬ್ಬರಾದ ಜಾನ್ ಫಾನ್ ನಾಯ್ಮನ್ 1903ರಲ್ಲಿ ಹುಟ್ಟಿದ್ದು ಬೂಡಾಪೆಸ್ಟ್‌ನಲ್ಲೇ. ಕಾಗದ, ಪೆನ್ಸಿಲ್ ಮತ್ತು ಒಳ್ಳೆಯ ಪ್ರಶ್ನೆಗಳಿಂದ ಬೆಳೆದ ಬಂಡವಾಳ ಅದು.

ಹೊಲಿಗೆ ಅಂಗಡಿಯಲ್ಲಿ

ಪ್ರದರ್ಶನ ಮುಗಿದ ಮೂರನೆಯ ದಿನ ಆ ಹುಡುಗನನ್ನು ಕರೆದು, “ಅಳತೆ ಬರೆದ ಪುಸ್ತಕ ತಾರಪ್ಪ” ಎಂದೆ. ತಂದ. ನೋಡಿದರೆ, ಮನೆಯ ಒಂದು ಮೂಲೆಯನ್ನು ಸೊನ್ನೆ ಎಂದಿಟ್ಟುಕೊಂಡು ಒಂದೊಂದು ಪೈಪಿನ ಎರಡೂ ತುದಿಗಳನ್ನು ಉದ್ದ, ಅಗಲ, ಎತ್ತರ ಎಂದು ಸಾಲಾಗಿ ಬರೆದಿದ್ದಾನೆ! ಪಕ್ಕದಲ್ಲಿ ಪೈಪಿನ ದಪ್ಪ. ಯಾರೂ ಹೇಳಿಕೊಟ್ಟದ್ದಲ್ಲ. “ಅಪ್ಪ ಅಂಗಿ ಅಳತೆ ಬರ್ಕೊಳ್ಳೋದು ಹಾಗೇ ಅಲ್ವಾ ಸಾರ್, ಎದೆ, ಸೊಂಟ, ತೋಳು ಅಂತ” ಎಂದ. ಪ್ರದರ್ಶನದ ದಿನ ಈ ಪುಸ್ತಕ ಎಲ್ಲಿತ್ತೆಂದು ಕೇಳಿದೆ. ಚೀಲದಲ್ಲಿತ್ತು. ಮೇಜಿನ ಮೇಲಿಡಲು ಅವನಿಗೆ ಹೊಳೆದಿರಲಿಲ್ಲ. ಕೇಳಲು ನನಗೆ ಹೊಳೆದಿರಲಿಲ್ಲ. ಅಷ್ಟು ವರ್ಷದ ಮೇಷ್ಟ್ರುಗಿರಿಯಲ್ಲಿ ಆ ದಿನದಷ್ಟು ನಾಚಿಕೆ ನನಗೆ ವಿರಳವಾಗಿ ಆಗಿದೆ.

ಅಂದೇ ಸಂಜೆ ಹೊಲಿಗೆ ಅಂಗಡಿಗೆ ಹೋದೆ. ಹೇಳಿದ್ದು ಇಷ್ಟು: “ಸರ ಸದ್ಯಕ್ಕೆ ಕೊರಳಲ್ಲೇ ಇರಲಿ. ನಿಮ್ಮ ಹುಡುಗ ಮಾಡಿರುವ ಲೆಕ್ಕಕ್ಕೆ ನಮ್ಮ ಶಾಲೆಯ ಹಳೇ ಕಂಪ್ಯೂಟರ್ ಸಾಕು. ಶನಿವಾರ ಮಧ್ಯಾಹ್ನ ಕಳಿಸಿ, ನಾನೂ ಕೂರ್ತೀನಿ. ಅದು ಸಾಲದು ಅನ್ನುವ ದಿನ ಬಂದರೆ, ಯಾಕೆ ಸಾಲದು ಅಂತ ಅವನೇ ಹೇಳ್ತಾನೆ. ಆವತ್ತು ಕೊಡಿಸೋ ವಿಚಾರ ಮಾಡೋಣ.” ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವನು ನನ್ನ ಅಳತೆ ಪುಸ್ತಕ ನೋಡ್ತಿದ್ದ ಅಂತ ನಂಗೊತ್ತೇ ಇರಲಿಲ್ಲ ಮೇಷ್ಟ್ರೇ” ಎಂದರು.

ವಿದ್ಯಾರ್ಥಿಗಳಿಗೆ ನನ್ನ ಮಾತು: ಮುಂದಿನ ಸಲ ಮೇಜಿನ ಹಿಂದೆ ನಿಂತಾಗ, ಮಾಡಿದ ವಸ್ತುವಿನ ಜೊತೆಗೆ ಮಾಡಿದ ದಾರಿಯನ್ನೂ ಮುಂದಿಡಿ. ಅಳತೆಯ ಪುಸ್ತಕ, ಹೊಡೆದುಹಾಕಿದ ಲೆಕ್ಕ, ಮೊದಲು ಮಾಡಿ ಕೆಟ್ಟುಹೋದ ಮಾದರಿ, ಎಲ್ಲ ಇರಲಿ. ಬಂದವರ ಕೈಗೆ ಕೊಟ್ಟು ತಿರುಗಿಸಿ ನೋಡಲು ಬಿಡಿ. ನೂರು ಜನ ಹಾದುಹೋಗಲಿ, ನಿಲ್ಲುವವನೊಬ್ಬ ಸಾಕು.

ತಾಯ್ತಂದೆಯರಿಗೂ ನನ್ನಂಥ ಮೇಷ್ಟ್ರುಗಳಿಗೂ ಒಂದು ಮಾತು: ಆ ನಿಲ್ಲುವವನು ಜರ್ಮನಿಯಿಂದಲೇ ಬರಬೇಕಾಗಿಲ್ಲ. ನಾವೂ ನಿಲ್ಲಬಹುದು. “ಇದನ್ನು ಹೇಗೆ ಮಾಡಿದೆ?” ಎಂದು ಕೇಳಲು ಕಾಸು ಖರ್ಚಿಲ್ಲ.

ಮನೆಯಲ್ಲಿ ಮಾಡಿ ನೋಡಿ: ನಿಮ್ಮ ಅಡುಗೆಮನೆಯ ನೆಲದ ಒಂದು ಮೂಲೆಯನ್ನು ಸೊನ್ನೆ ಎಂದಿಟ್ಟುಕೊಳ್ಳಿ. ಅಲ್ಲಿ ಕಾಣುವ ಪ್ರತಿ ಪೈಪಿನ ಎರಡು ತುದಿಗಳನ್ನೂ ದಪ್ಪವನ್ನೂ ಅಳೆದು ಏಳೇಳು ಅಂಕಿಗಳಲ್ಲಿ ಬರೆಯಿರಿ. ಚಿತ್ರ ಬರೆಯಬೇಡಿ. ಆ ಪಟ್ಟಿಯನ್ನು ನಿಮ್ಮ ಅಡುಗೆಮನೆ ನೋಡದ ಗೆಳೆಯನಿಗೋ ಗೆಳತಿಗೋ ಕೊಟ್ಟು, ಚೌಕುಳಿ ಹಾಳೆಯ ಮೇಲೆ ಚಿತ್ರ ಬರೆಯಲು ಹೇಳಿ. ಚಿತ್ರ ಸರಿಬಂದರೆ ನಿಮ್ಮ ಅಂಕಿಗಳು ಸರಿ. ಬರದಿದ್ದರೆ ತಪ್ಪು ಯಾವ ಅಂಕಿಯಲ್ಲಿದೆಯೆಂದು ಇಬ್ಬರೂ ಕೂಡಿ ಹುಡುಕಿ.